ಒಂದೇ ಅಲೆಯಲ್ಲಿ ಮಾತೂ ನೋಟವೂ

ಮೊಬೈಲ್ ಟವರಿನಿಂದ ಹೊರಡುವ ರೇಡಿಯೊ ಅಲೆ ನೇರವಾಗಿ ಫೋನನ್ನಷ್ಟೇ ಸೇರುವುದಿಲ್ಲ. ಗೋಡೆ, ಬಸ್ಸು, ಮರ, ದಾರಿಹೋಕರ ಮೈ ಎಂದು ಎದುರಾದುದಕ್ಕೆಲ್ಲ ತಾಗಿ ಚದುರುವುದರಿಂದ, ಫೋನಿಗೆ ಸಿಗುವುದು ಹಲವು ದಾರಿಗಳಲ್ಲಿ ಬೇರೆ ಬೇರೆ ಹೊತ್ತಿಗೆ ಬಂದ ಅಲೆಗಳ ಬೆರಕೆ. ಸಂವಹನ ತಂತ್ರಜ್ಞರಿಗೆ ಈ ಬೆರಕೆ ಬಹುಕಾಲ ಬರಿಯ ಪೀಡೆಯಾಗಿತ್ತು. ದಾರಿಯಲ್ಲಿ ಅಲೆಗೆ ಏನೇನಾಯಿತು ಎಂಬುದನ್ನು ಫೋನು ಮತ್ತೆ ಮತ್ತೆ ಅಂದಾಜು ಮಾಡಿ, ಆ ವಿಕಾರವನ್ನು ಕಳೆದು, ಸಂದೇಶವನ್ನು ಇಟ್ಟುಕೊಂಡು ಅಂದಾಜನ್ನು ಎಸೆದುಬಿಡುತ್ತದೆ. ಹಾಗೆ ಎಸೆಯುವ ಅಂದಾಜಿನಲ್ಲಿ ಸುತ್ತಲಿನ ವಸ್ತುಗಳ ದೂರ ಮತ್ತು ವೇಗದ ಸುಳಿವಿದೆ. ಅದನ್ನು ಉಳಿಸಿಕೊಂಡು, ಸಂದೇಶ ಒಯ್ಯುವ ಅಲೆಯಿಂದಲೇ ವಸ್ತುಗಳ ಇರವನ್ನೂ ಚಲನೆಯನ್ನೂ ಅರಿಯುವುದಕ್ಕೆ, ಎಂದರೆ ಸಂವೇದನೆಗೆ, ಬಳಸುವುದೇ ಈ ತಂತ್ರದ ತಿರುಳು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಆರನೇ ತಲೆಮಾರಿನ ಜಾಲಕ್ಕೆ 2023ರಲ್ಲಿ ಹಾಕಿಕೊಟ್ಟ ಚೌಕಟ್ಟಿನಲ್ಲಿ ಹೆಸರಿಸಿದ ಆರು ಬಳಕೆಗಳಲ್ಲಿ ಇದೂ ಒಂದು.

ಹೊಸತೆಂದು ಸಾರಲಾಗುತ್ತಿರುವ ಈ ವಿಚಾರ ರೇಡಾರ್ ಎಂಬ ಹೆಸರಿಗಿಂತಲೂ ಹಳೆಯದು. ಅಮೆರಿಕದ ನೌಕಾಪಡೆಯ ಟೇಲರ್ ಮತ್ತು ಯಂಗ್ 1922ರಲ್ಲಿ ಪೊಟೊಮ್ಯಾಕ್ ನದಿಯ ಮೇಲೆ ರೇಡಿಯೊ ಸಂಪರ್ಕವನ್ನು ಪರೀಕ್ಷಿಸುತ್ತಿದ್ದಾಗ, ನಡುವೆ ಹಾದ ಹಡಗು ಸಂಕೇತವನ್ನು ಏರಿಳಿಸಿದ್ದನ್ನು ಗಮನಿಸಿದರು. 1935ರ ಫೆಬ್ರವರಿ 26ರಂದು ಇಂಗ್ಲೆಂಡಿನಲ್ಲಿ ವಾಟ್ಸನ್-ವಾಟ್ ಮತ್ತು ವಿಲ್ಕಿನ್ಸ್ ನಡೆಸಿದ ಪ್ರಯೋಗವಂತೂ ಇಂದಿನ ಕಲ್ಪನೆಗೆ ಇನ್ನೂ ಹತ್ತಿರದ್ದು: ಅವರು ವಿಮಾನವನ್ನು ಪತ್ತೆಹಚ್ಚಲೆಂದು ಯಾವ ಅಲೆಯನ್ನೂ ಹೊಸದಾಗಿ ಬಿಡಲಿಲ್ಲ, ಡ್ಯಾವೆಂಟ್ರಿಯಲ್ಲಿದ್ದ ಬಿಬಿಸಿಯ ಶಾರ್ಟ್‌ವೇವ್ ಪ್ರಸಾರವನ್ನೇ ಬಳಸಿಕೊಂಡರು. ಪ್ರಸಾರ ಕೇಂದ್ರದಿಂದ ನೇರವಾಗಿ ಬರುವ ಬಲವಾದ ಅಲೆಯು ಎರಡು ಆಂಟೆನಾಗಳ ನಡುವೆ ಪರಸ್ಪರ ರದ್ದಾಗುವಂತೆ ಹೊಂದಿಸಿ, ಹೇಫೋರ್ಡ್ ಬಾಂಬರ್ ವಿಮಾನಕ್ಕೆ ತಾಗಿ ಬಂದ ದುರ್ಬಲ ಅಲೆಯಷ್ಟೇ ಪರದೆಯ ಮೇಲೆ ಕಾಣುವಂತೆ ಮಾಡಿದ್ದರು. ವಿಮಾನದ ಸುಳಿವು ಸುಮಾರು 13 ಕಿಲೋಮೀಟರ್ ದೂರದವರೆಗೆ ಸಿಕ್ಕಿತು. ಆ ಬಳಿಕ ರೇಡಾರು ತನ್ನದೇ ಅಲೆ, ತನ್ನದೇ ಯಂತ್ರ, ತನ್ನದೇ ಕಂಪನಾಂಕಗಳೊಂದಿಗೆ ಬೇರೆ ದಾರಿ ಹಿಡಿಯಿತು. ಕಂಪನಾಂಕಗಳಿಗೆ ಬಂದಿರುವ ಅಭಾವವೇ ಈಗ ರೇಡಾರು, ಸಂವಹನ ಎರಡನ್ನೂ ಮತ್ತೆ ಒಂದೆಡೆ ತರುತ್ತಿರುವ ಮುಖ್ಯ ಕಾರಣ.

ಇಂದಿನ ಮೊಬೈಲ್ ಸಂಕೇತದ ರಚನೆ ಈ ಕೂಡಿಕೆಗೆ ಅಚ್ಚರಿಯೆನಿಸುವಷ್ಟು ಒಗ್ಗುತ್ತದೆ. ಐದನೇ ತಲೆಮಾರಿನ ಜಾಲದಲ್ಲಿ 100 ಮೆಗಾಹರ್ಟ್ಸ್ ಅಗಲದ ಒಂದು ಪಟ್ಟಿಯನ್ನು, 30 ಕಿಲೋಹರ್ಟ್ಸ್ ಅಂತರದಲ್ಲಿರುವ 3,276 ಕಿರು ಅಲೆಗಳಾಗಿ ವಿಂಗಡಿಸಿ, ದತ್ತಾಂಶವನ್ನು ಅವುಗಳಿಗೆ ಹಂಚಲಾಗುತ್ತದೆ. ಇವಕ್ಕೆ ಉಪವಾಹಕಗಳೆಂದು ಹೆಸರು. 150 ಮೀಟರ್ ಆಚೆ ನಿಂತ ಬಸ್ಸಿಗೆ ತಾಗಿ ಅಲೆ ಟವರಿಗೆ ಮರಳಲು ಒಂದು ಮೈಕ್ರೋಸೆಕೆಂಡ್ ಬೇಕು. ಈ ವಿಳಂಬವು ಎಲ್ಲ ಉಪವಾಹಕಗಳಿಗೂ ಒಂದೇ ಆದರೂ, ಹೆಚ್ಚು ಕಂಪನಾಂಕದ ಉಪವಾಹಕವು ಅಷ್ಟೇ ಸಮಯದಲ್ಲಿ ಹೆಚ್ಚು ಸುತ್ತು ತಿರುಗಿರುತ್ತದೆ. ಅಲೆಯ ಒಂದು ಪೂರ್ಣ ಏರಿಳಿತವನ್ನು 360 ಡಿಗ್ರಿ ಎಂದೆಣಿಸಿದರೆ, ಪ್ರತಿ ಉಪವಾಹಕವೂ ತನ್ನ ಪಕ್ಕದ್ದಕ್ಕಿಂತ ಸುಮಾರು 11 ಡಿಗ್ರಿ ಹಿಂದೆ ಬಿದ್ದಿರುತ್ತದೆ. ಕಳುಹಿಸಿದ ದತ್ತಾಂಶ ಏನೆಂಬುದು ಟವರಿಗೆ ಮೊದಲೇ ಗೊತ್ತಿರುವುದರಿಂದ, ಮರಳಿದ್ದನ್ನು ಅದರಿಂದ ಭಾಗಿಸಿದರೆ ಸಂದೇಶ ಅಳಿದು ಈ ಹಿಂಬೀಳುವಿಕೆಯ ಕ್ರಮ ಉಳಿಯುತ್ತದೆ, ಅದರಿಂದ ಬಸ್ಸಿನ ದೂರ ಹೊರಬೀಳುತ್ತದೆ. ವೇಗವನ್ನು ತಿಳಿಯಲು ಒಂದರ ಹಿಂದೊಂದು ಬರುವ ಸಂಕೇತಗಳನ್ನು ಹೋಲಿಸಬೇಕು: 3.5 ಗಿಗಾಹರ್ಟ್ಸ್‌ನಲ್ಲಿ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಬರುವ ವಾಹನವು ಡಾಪ್ಲರ್ ಪರಿಣಾಮದಿಂದ ಕಂಪನಾಂಕವನ್ನು ಸುಮಾರು 390 ಹರ್ಟ್ಸ್‌ನಷ್ಟು ಏರಿಸುತ್ತದೆ. ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಸೂಕ್ಷ್ಮತೆ ಪಟ್ಟಿಯ ಅಗಲವನ್ನು ಅವಲಂಬಿಸಿದ್ದು, 100 ಮೆಗಾಹರ್ಟ್ಸ್‌ಗೆ ಅದು ಸುಮಾರು ಒಂದೂವರೆ ಮೀಟರ್.

ಆದರೆ ಪ್ರಚಾರದ ಬರಹಗಳಲ್ಲಿ ಸಾಮಾನ್ಯವಾಗಿ ಮರೆಯಾಗುವ ಸಂಗತಿಯೆಂದರೆ, ಸಂವಹನ ಮತ್ತು ಸಂವೇದನೆಗಳು ಅಲೆಯಿಂದ ಬಯಸುವುದು ಒಂದನ್ನೇ ಅಲ್ಲ. ಮುಂದೇನು ಬರುತ್ತದೆಂದು ಊಹಿಸಲಾಗದಿದ್ದಾಗಲೇ ಸಂಕೇತದಲ್ಲಿ ಮಾಹಿತಿ ತುಂಬಿರುತ್ತದೆ. ಸಂವೇದನೆಗಾದರೋ ಏರುಪೇರಿಲ್ಲದ ನಿಶ್ಚಿತ ಸಂಕೇತವೇ ಲೇಸು, ಏಕೆಂದರೆ ಶಕ್ತಿ ಕಡಿಮೆಯಿರುವ ತುಣುಕಿನಿಂದ ಭಾಗಿಸಿದಾಗ ಗದ್ದಲವೂ ಹಿಗ್ಗುತ್ತದೆ. ದೂರದ ಲೆಕ್ಕ ಇನ್ನೂ ನಿಷ್ಠುರವಾದದ್ದು. ತೆರೆದ ಬಯಲಿನಲ್ಲಿ ಫೋನು ಹತ್ತು ಪಟ್ಟು ದೂರ ಸರಿದರೆ ಅದಕ್ಕೆ ದಕ್ಕುವ ಶಕ್ತಿ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ, ವಸ್ತು ಅಷ್ಟೇ ದೂರ ಸರಿದರೆ ಅದರಿಂದ ಮರಳುವ ಶಕ್ತಿ ಹತ್ತು ಸಾವಿರದಲ್ಲೊಂದು ಪಾಲಾಗುತ್ತದೆ. ಆದ್ದರಿಂದ ಕರೆ ಸೊಗಸಾಗಿ ಕೇಳುವಲ್ಲೆಲ್ಲ ಟವರು ವಸ್ತುಗಳನ್ನೂ ಕಾಣಬಲ್ಲದು ಎಂದು ಭಾವಿಸುವುದು ತಪ್ಪು. ಇದರ ಜೊತೆಗೆ, ಟವರು ಒಂದೇ ಹೊತ್ತಿಗೆ ಬಿಡುತ್ತಲೂ ಆಲಿಸುತ್ತಲೂ ಇರಬೇಕಾಗುವುದರಿಂದ, ಮರಳಿದ ಕ್ಷೀಣ ಅಲೆಯನ್ನು ಅದರದೇ ಪ್ರಬಲ ಅಲೆ ಮುಳುಗಿಸುತ್ತದೆ. ಡ್ಯಾವೆಂಟ್ರಿ ಪ್ರಯೋಗದ ಎರಡು ಆಂಟೆನಾಗಳು ಬಿಡಿಸಿದ್ದು ಇದೇ ತೊಡಕಿನ ಸರಳ ರೂಪವನ್ನು. ಆಲಿಸುವ ಕೆಲಸವನ್ನು ಇನ್ನೊಂದು ಟವರಿಗೆ ವಹಿಸಿ ಇದನ್ನು ತಪ್ಪಿಸಬಹುದಾದರೂ, ಆಗ ಎರಡರ ಗಡಿಯಾರಗಳು ಒಂದು ನ್ಯಾನೋಸೆಕೆಂಡಿನಷ್ಟು ಹೆಚ್ಚುಕಡಿಮೆಯಾದರೂ ಅಲೆ ಸಾಗಿದ ಹಾದಿಯ ಅಳತೆಯಲ್ಲಿ 30 ಸೆಂಟಿಮೀಟರ್ ತಪ್ಪು ನುಸುಳುತ್ತದೆ.

ಮನೆಯೊಳಗೆ ದೂರದ ತೊಡಕು ಅಷ್ಟಾಗಿ ಕಾಡುವುದಿಲ್ಲ. 5 ಗಿಗಾಹರ್ಟ್ಸ್ ವೈಫೈಯ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್. ಉಸಿರಾಡುವಾಗ ಎದೆ 5 ಮಿಲಿಮೀಟರ್ ಉಬ್ಬಿದರೆ, ಅದಕ್ಕೆ ತಾಗಿ ಹಿಂದಿರುಗುವ ಅಲೆಯ ಹಾದಿ ಒಂದು ಸೆಂಟಿಮೀಟರಿನಷ್ಟು ಮೊಟಕಾಗಿ, ಅಲೆ 60 ಡಿಗ್ರಿ ಸರಿಯುತ್ತದೆ, ಇದನ್ನು ಅಳೆಯುವುದು ಅಸಾಧ್ಯವಲ್ಲ. ವೈಫೈ ಮೂಲಕ ಇಂಥ ಸಂವೇದನೆಗೆಂದೇ 802.11ಬಿಎಫ್ ಎಂಬ ಮಾನದಂಡ 2025ರಲ್ಲಿ ಅಂಗೀಕಾರವಾಗಿದೆ. ಒಂಟಿಯಾಗಿರುವ ವೃದ್ಧರು ಬಿದ್ದರೆ ತಿಳಿಯಬಹುದು, ಕ್ಯಾಮೆರಾ ಇಡುವ ಮುಜುಗರವೂ ಇಲ್ಲ ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಸಂದೇಶಕ್ಕೆ ಹಾಕುವ ಗೂಢಲಿಪಿಯ ಬೀಗ ಇಲ್ಲಿ ನಿರುಪಯುಕ್ತ. ಅಲೆಯ ವಿಕಾರವನ್ನು ಅಂದಾಜು ಮಾಡಲೆಂದು ಪ್ರತಿ ಸಂಕೇತದ ಆರಂಭದಲ್ಲಿ ಸೇರಿಸುವ ಪೂರ್ವನಿಶ್ಚಿತ ತುಣುಕು ಎಲ್ಲರಿಗೂ ತಿಳಿದಿರುವಂಥದ್ದು. ಸಂದೇಶದ ಒಂದಕ್ಷರವನ್ನೂ ಓದಲಾಗದ ಪಕ್ಕದ ಮನೆಯ ಯಂತ್ರವೂ ಆ ತುಣುಕನ್ನು ಹಿಡಿದು, ಗೋಡೆಯಾಚೆ ಯಾರೋ ಓಡಾಡುತ್ತಿದ್ದಾರೆಂದು ಅರಿಯಬಲ್ಲದು, ಓಡಾಡುವವರ ಬಳಿ ಫೋನು ಇಲ್ಲದಿದ್ದರೂ ಸರಿಯೇ.