ತಪ್ಪಿ ನಡೆದ ಮಕ್ಕಳಿಗೆ ಹೊಣೆ ನಿಲ್ಲುವವರು

ಮನೆಯ ಹುಡುಗನು ಸಾಸಿವೆಡಬ್ಬಿಯಲ್ಲಿಟ್ಟ ದುಡ್ಡನ್ನು ಕದ್ದರೆ ತಾಯಿಯು ಗದರಿಸುತ್ತಾಳೆ, ತಂದೆಯು ಕಿವಿ ಹಿಂಡುತ್ತಾನೆ. ರಾತ್ರಿಯ ಊಟದ ಹೊತ್ತಿಗೆ ಅವನ ಎಲೆಗೂ ಅನ್ನ ಬೀಳುತ್ತದೆ. ಅದೇ ಹುಡುಗನು ಪರರ ಅಂಗಡಿಯಲ್ಲಿ ಕೈಯಿಟ್ಟು ಪೋಲೀಸರ ವಶವಾದನೆಂದರೆ ಮಾತೇ ಬೇರೆ. ನೆರೆಹೊರೆಯವರು ಅವನಿಗೊಂದು ಹೆಸರಿಡುತ್ತಾರೆ. ದಂಡನೆಯು ಮುಗಿದರೂ ಆ ಹೆಸರು ಮುಗಿಯುವುದಿಲ್ಲ. ಇಂಥವನ ಪಕ್ಕದಲ್ಲಿ, ಸಂಬಳವೂ ಸಂಬಂಧವೂ ಇಲ್ಲದೆ, ತಾನಾಗಿ ಬಂದು ನಿಲ್ಲುವವರು ಯಾರಾದರೂ ಉಂಟೆ? ಉಂಟು. ಈ ಕೆಲಸಕ್ಕೆ ದಾರಿ ಹಾಕಿದವನೊಬ್ಬನ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಅಮೆರಿಕಾ ದೇಶದ ಬಾಸ್ಟನ್ ಪಟ್ಟಣದಲ್ಲಿ ಜಾನ್ ಅಗಸ್ಟಸ್ ಎಂಬವನು ಬೂಟು ತಯಾರಿಸಿ ಜೀವಿಸುತ್ತಿದ್ದನು. ಆತನು ವಕೀಲನಲ್ಲ, ಅಧಿಕಾರಿಯೂ ಅಲ್ಲ. 1841ನೆಯ ಇಸವಿಯ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಆತನು ನ್ಯಾಯಸ್ಥಾನದಲ್ಲಿದ್ದಾಗ, ಚಿಂದಿಯುಟ್ಟ ಕುಡುಕನೊಬ್ಬನನ್ನು ಕರೆತಂದರು. ಅಗಸ್ಟಸನು ಅವನೊಡನೆ ನಾಲ್ಕು ಮಾತನಾಡಿ, ಇನ್ನು ಕುಡಿಯೆನೆಂಬ ಭಾಷೆಯನ್ನು ಪಡೆದು, ಜಾಮೀನು ನಿಂತನು. ಮೂರು ವಾರಗಳ ತರುವಾಯ ಅವರಿಬ್ಬರೂ ಮರಳಿ ಬಂದಾಗ, ಅಲ್ಲಿದ್ದವರಿಗೆ ಆ ಮನುಷ್ಯನ ಗುರುತೇ ಹತ್ತಲಿಲ್ಲ. ನ್ಯಾಯಾಧೀಶನು ಒಂದು ಸೆಂಟು ದಂಡವನ್ನೂ ನ್ಯಾಯಸ್ಥಾನದ ಖರ್ಚನ್ನೂ ವಿಧಿಸಿ ಬಿಟ್ಟುಬಿಟ್ಟನು.

ಕುಡುಕರಿಂದ ತೊಡಗಿದ ಕೆಲಸವು ಬೇಗನೆ ಮಕ್ಕಳ ಕಡೆಗೂ ತಿರುಗಿತು. 1847ರಲ್ಲಿ ಆತನು 19 ಮಂದಿ ಹುಡುಗರಿಗೆ ಹೊಣೆಯಾದನು. ಅವರಲ್ಲಿ ಕಿರಿಯನಿಗೆ 7 ವರ್ಷ, ಹಿರಿಯನಿಗೆ 15. ಏಳು ವರ್ಷದ ಕೂಸನ್ನು ಕಟಕಟೆಯಲ್ಲಿ ನಿಲ್ಲಿಸಿದ ಕಾಲವದು! ಅವರ ಮೊಕದ್ದಮೆಗಳನ್ನು ಕೆಲವು ತಿಂಗಳು ಮುಂದೂಡುವುದೆಂದೂ, ಅಗಸ್ಟಸನು ತಿಂಗಳು ತಿಂಗಳಿಗೂ ಹಾಜರಾಗಿ ಹುಡುಗರ ನಡತೆಯನ್ನು ಅರಿಕೆ ಮಾಡತಕ್ಕದ್ದೆಂದೂ ಏರ್ಪಾಡಾಯಿತು. ಗಡುವು ತೀರಿದಾಗ ನ್ಯಾಯಾಧೀಶನು ಹುಡುಗರನ್ನು ಕಂಡು ಸಂತೋಷಪಟ್ಟು, ತಲೆಗೆ ಹತ್ತು ಸೆಂಟಿನಂತೆ ದಂಡವನ್ನು ಗೊತ್ತುಮಾಡಿದನು. ಏಳು ಮಂದಿಗೆ ಅಷ್ಟನ್ನು ತೆರುವ ಶಕ್ತಿಯೂ ಇರಲಿಲ್ಲ, ಅಗಸ್ಟಸನೇ ತೆತ್ತನು. ಹತ್ತು ಸೆಂಟಿಗೆ ಗತಿಯಿಲ್ಲದ ಮನೆಯಲ್ಲಿ ಹುಡುಗನು ಕಾಲು ಜಾರಿದ್ದು ಹೇಗೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆತನ ಉಪಕಾರಕ್ಕೆ ಎಲ್ಲರೂ ಮೆಚ್ಚಿದರೆಂದು ತಿಳಿಯಬಾರದು. ಸೆರೆಗೆ ಹೋಗುವ ಒಬ್ಬೊಬ್ಬ ಕೈದಿಯಿಂದಲೂ ಅಲ್ಲಿನ ಅಧಿಕಾರಿಗಳಿಗೆ ಇಷ್ಟೆಂದು ಶುಲ್ಕವು ಸಲ್ಲುತ್ತಿತ್ತು. ಹೊಣೆಯ ಮೇಲೆ ಬಿಡುಗಡೆಯಾದವನಿಂದ ಕಾಸೂ ಇಲ್ಲ. ಹೀಗಿರುವಲ್ಲಿ ಅವರು ಈತನನ್ನು ದ್ವೇಷಿಸಿದುದು ಆಶ್ಚರ್ಯವಲ್ಲ. ಇತ್ತ ಬೂಟಿನ ವ್ಯಾಪಾರವೂ ಕುಗ್ಗಿತು. ಆದರೂ ಆತನು ಬಿಡದೆ ನಡೆಸಿ, 1859ರಲ್ಲಿ ತೀರಿಕೊಳ್ಳುವುದರೊಳಗೆ ಸುಮಾರು 1,900ಕ್ಕೂ ಮೇಲ್ಪಟ್ಟ ಜನರಿಗೆ ಹೊಣೆ ನಿಂತಿದ್ದನು. ಅಲ್ಲಿನ ಸರಕಾರವು ಇದೇ ಕೆಲಸಕ್ಕೆ ಸಂಬಳದ ಅಧಿಕಾರಿಯನ್ನು ನೇಮಿಸಲು ಕಾನೂನು ಮಾಡಿದುದು 1878ರಲ್ಲಿ.

ಇದೆಲ್ಲ ದೂರದೇಶದ ಮಾತೆಂದು ನಮ್ಮ ಗೃಹಸ್ಥರು ಪುಟವನ್ನು ಮಗುಚಬಾರದು. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯಂತೆ, 18 ವರ್ಷ ತುಂಬದವರ ಅಪರಾಧವನ್ನು ವಿಚಾರಿಸುವ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರೊಡನೆ ಇಬ್ಬರು ಸಮಾಜಸೇವಕರು ಕುಳಿತಿರುತ್ತಾರೆ. ಅವರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕು. ಮಂಡಳಿಯು ಹುಡುಗನನ್ನು ಸನ್ನಡತೆಯ ಕರಾರಿನ ಮೇಲೆ ತಾಯಿತಂದೆಗಳಿಗಾಗಲಿ, ಪೋಷಕರಿಗಾಗಲಿ, ‘ಅರ್ಹ ವ್ಯಕ್ತಿ’ಯೆಂದು ತಾನು ಒಪ್ಪಿದವರಿಗಾಗಲಿ ಮೂರು ವರ್ಷಗಳಿಗೆ ಮೀರದಂತೆ ಒಪ್ಪಿಸಬಹುದು. ಅಗಸ್ಟಸನಿಗೆ ನ್ಯಾಯಾಧೀಶನ ದಯೆಯಿಂದ ದೊರೆತ ಸ್ಥಾನವು ಇಲ್ಲಿ ಕಾನೂನಿನಲ್ಲಿಯೇ ಬರೆದಿಟ್ಟಿದೆ. 16 ದಾಟಿದವರು ಘೋರಾಪರಾಧ ಮಾಡಿದಾಗ ಬೇರೆ ಕ್ರಮವುಂಟು. ಆ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ.

ಆದರೆ ಸ್ಥಾನವಿದ್ದರೇನು, ಕುಳಿತುಕೊಳ್ಳುವವರು ಬೇಡವೆ? ಮುಚ್ಚುಮರೆಯೇಕೆ, ಇಂಥ ಹುಡುಗನು ನಮ್ಮ ಜಗಲಿಯನ್ನು ಹತ್ತಿದರೆ, ಒಳಗಿನ ಬೆಳ್ಳಿಯ ಲೋಟಗಳನ್ನು ಎಣಿಸಿಡಬೇಕೆಂಬ ಯೋಚನೆಯು ನಮಗೂ ಬರುತ್ತದೆ. ಅವನು ಅದನ್ನು ನಮ್ಮ ಕಣ್ಣಿನಲ್ಲಿಯೇ ಓದಿಕೊಳ್ಳುತ್ತಾನೆ. ಅವನಿಗೆ ಬುದ್ಧಿವಾದ ಹೇಳಿದವರಿಗೇನೂ ಬರವಿಲ್ಲ. ಇಂಥ ದಿನ ಬರುತ್ತೇನೆಂದು ಹೇಳಿ ಆ ದಿನವೇ ಬಂದವರು ಅಪರೂಪ. ಆರಂಭದಲ್ಲಿ ಅವನು ಸುಳ್ಳು ಹೇಳಿಯಾನು, ಹೇಳದೆ ತಪ್ಪಿಸಿಕೊಂಡಾನು. ಅಗಸ್ಟಸನು ತಿಂಗಳು ತಿಂಗಳಿಗೂ ನ್ಯಾಯಸ್ಥಾನದ ಮೆಟ್ಟಿಲು ಹತ್ತಿದುದರ ಗುಟ್ಟು ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಶಾಲೆಯ ಮೇಷ್ಟರನ್ನು ಕಂಡು ಮಾತಾಡುವುದು, ಕಸಬು ಕಲಿಸುವವರನ್ನು ಹುಡುಕುವುದು, ವಾರಕ್ಕೊಮ್ಮೆ ಅವನ ತಾಯಿಯನ್ನು ವಿಚಾರಿಸಿ ಬರುವುದು, ಇಷ್ಟಕ್ಕೆ ವಿಶೇಷ ಪಾಂಡಿತ್ಯವು ಬೇಕಿಲ್ಲ. ಬಿಡುವು ಬೇಕು, ತಾಳ್ಮೆ ಬೇಕು.

ನಾಲಗೆಯ ಮೇಲೆ ಹಿಡಿತವೂ ಬೇಕು. ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ ಇವನ್ನು ಪ್ರಕಟಿಸಕೂಡದೆಂದು ಕಾಯಿದೆಯು ಕಟ್ಟುಮಾಡಿದೆ. ಆದರೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರ ಕಿವಿಗೆ ಬಿದ್ದ ಸುದ್ದಿಯನ್ನು ಯಾವ ಕಾಯಿದೆಯು ಹಿಂದಕ್ಕೆ ತಂದೀತು?

ಈ ಸೇವೆಗೆ ಮನಸ್ಸುಳ್ಳವರು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಬಹುದು. ನಿವೃತ್ತರಾದ ಉಪಾಧ್ಯಾಯರೂ, ಮಕ್ಕಳನ್ನು ದಡ ಸೇರಿಸಿದ ತಾಯಂದಿರೂ ಹೋದರೆ ಬಹಳ ಒಳ್ಳೆಯದು. ಹೋಗುವ ಮುನ್ನ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಆ ಬೆಳ್ಳಿಯ ಲೋಟದ ಮಾತನ್ನು ಬಿಚ್ಚಿ ಆಡಿಬಿಡಿರಿ.