ಶ್ರೇಯಾಂಕಪಟ್ಟಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ 1916ರ ಜುಲೈ 27ರಂದು ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾನಿಲಯವು ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವಾಗಿದ್ದು, ಒಂದು ಕಾಲಕ್ಕೆ ಹಳೆಯ ಮೈಸೂರು ಸೀಮೆಗೆಲ್ಲ ಪದವಿ ನೀಡುವ ಏಕೈಕ ಸಂಸ್ಥೆಯೂ ಆಗಿತ್ತು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಗಳು ಪ್ರತ್ಯೇಕಗೊಂಡವು. 2023ರಲ್ಲಿ ಚಾಮರಾಜನಗರ, ಮಂಡ್ಯ ಮತ್ತು ಹಾಸನಗಳಿಗೂ ತಮ್ಮದೇ ವಿಶ್ವವಿದ್ಯಾನಿಲಯಗಳು ಬಂದ ಮೇಲೆ ಅದರ ವ್ಯಾಪ್ತಿ ಮೈಸೂರು ಜಿಲ್ಲೆಯಷ್ಟಕ್ಕೆ ಕುಗ್ಗಿತು. ಹೀಗೆ ಉಳಿದ ಪ್ರದೇಶದ ದಕ್ಷಿಣ ಮತ್ತು ಪೂರ್ವದ ಅಂಚಿನಲ್ಲಿ, ಕಪಿಲೆಯ ದಡದ ನಂಜನಗೂಡು ಹಾಗೂ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ ತಾಲ್ಲೂಕುಗಳಿವೆ. ಇಲ್ಲಿನ ಪ್ರಥಮ ದರ್ಜೆ ಕಾಲೇಜುಗಳು ಈ ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟವು. ಅಂದರೆ ಪಾಠ ನಡೆಯುವುದು ತಾಲ್ಲೂಕಿನಲ್ಲಾದರೂ ಪಠ್ಯಕ್ರಮ, ಪರೀಕ್ಷೆ ಮತ್ತು ಪದವಿ ಮೈಸೂರಿನವು.

ಈ ಸಂಸ್ಥೆಯ ಹೆಸರು ಇಂದು ಪತ್ರಿಕೆಗಳಲ್ಲಿ ಎದ್ದು ಕಾಣುವುದು ಶ್ರೇಯಾಂಕಪಟ್ಟಿಗಳು ಪ್ರಕಟವಾಗುವ ದಿನಗಳಲ್ಲಿ. ಕೇಂದ್ರ ಸರ್ಕಾರವು 2015ರಲ್ಲಿ ರೂಪಿಸಿ 2016ರಿಂದ ಪ್ರಕಟಿಸುತ್ತ ಬಂದಿರುವ ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕ ಚೌಕಟ್ಟು, ಎಂದರೆ ಎನ್‌ಐಆರ್‌ಎಫ್, ವಿಶ್ವವಿದ್ಯಾನಿಲಯಗಳನ್ನು ಐದು ಅಂಶಗಳಲ್ಲಿ ಅಳೆಯುತ್ತದೆ. ಬೋಧನೆ, ಕಲಿಕೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವೀಧರರ ಸಾಧನೆಗೆ 20, ಎಲ್ಲ ವರ್ಗ ಮತ್ತು ಪ್ರದೇಶದವರನ್ನು ಒಳಗೊಳ್ಳುವ ಗುಣಕ್ಕೆ 10, ವಿದ್ವಾಂಸರು ಹಾಗೂ ಉದ್ಯೋಗದಾತರ ಅಭಿಪ್ರಾಯಕ್ಕೆ 10 ಎಂಬುದು ಅದು ಬಹುಕಾಲ ಅನುಸರಿಸಿದ ಅಂಕ ಹಂಚಿಕೆ. ಈ ಪಟ್ಟಿಯ ವಿಶ್ವವಿದ್ಯಾನಿಲಯ ವಿಭಾಗದಲ್ಲಿ ಮೈಸೂರು 2020ರಲ್ಲಿ 27ನೆಯ ಸ್ಥಾನ ಪಡೆದು, 2021ರಲ್ಲಿ 19ಕ್ಕೆ ಏರಿ, 2022ರಲ್ಲಿ 33ಕ್ಕೂ 2023ರಲ್ಲಿ 44ಕ್ಕೂ ಇಳಿಯಿತು.

ಈ ಇಳಿಕೆಯನ್ನು ಪಟ್ಟಿ ಮಾಡುವವರ ಅವಗಣನೆಯೆಂದು ತಳ್ಳಿಹಾಕುವಂತಿಲ್ಲ. ಬೋಧನೆಯ ಅಂಶದಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಎಷ್ಟು ಮಂದಿ ಪೂರ್ಣಾವಧಿ ಅಧ್ಯಾಪಕರಿದ್ದಾರೆ, ಅವರಲ್ಲಿ ಪಿಎಚ್.ಡಿ. ಪಡೆದ ಅನುಭವಿಗಳು ಎಷ್ಟು ಎಂಬುದೇ ಮುಖ್ಯವಾಗಿರುವಾಗ, ಮಂಜೂರಾದ ಬೋಧಕ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದು, ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ವಿಭಾಗಗಳು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ನಡೆಯುವ ಸ್ಥಿತಿ ಅಂಕಗಳಲ್ಲಿ ಕಾಣಿಸದೆ ಇರದು. ನಿವೃತ್ತರಾದ ಪ್ರಾಧ್ಯಾಪಕರ ಜಾಗಕ್ಕೆ ಹೊಸಬರು ಬಾರದಿದ್ದರೆ ಪಾಠವನ್ನು ಅತಿಥಿ ಉಪನ್ಯಾಸಕರು ಹೇಗೋ ನಡೆಸಿಕೊಂಡು ಹೋಗಬಹುದು. ಆದರೆ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರು ಕಡಿಮೆಯಾಗುತ್ತಾರೆ, ಯೋಜನೆಗಳಿಗೆ ಹಣ ತರುವವರು ಇಲ್ಲವಾಗುತ್ತಾರೆ, ಕೆಲವು ವರ್ಷಗಳಲ್ಲಿ ಪ್ರಬಂಧಗಳೂ ಇಳಿಮುಖವಾಗುತ್ತವೆ. ಒಂದು ಕೊರತೆ ಹೀಗೆ ಎರಡು ಅಂಶಗಳಲ್ಲಿ ಅಂಕ ಕಳೆಯುತ್ತದೆ. ಸಂಯೋಜಿತ ಕಾಲೇಜುಗಳು ಹೊಸ ವಿಶ್ವವಿದ್ಯಾನಿಲಯಗಳಿಗೆ ಹೋದಾಗ ಶುಲ್ಕದ ಆದಾಯ ತಗ್ಗಿ, ನಿವೃತ್ತರ ಪಿಂಚಣಿಯ ಹೊರೆ ಮಾತ್ರ ಹಳೆಯ ಸಂಸ್ಥೆಯ ಹೆಗಲ ಮೇಲೆಯೇ ಉಳಿದದ್ದು ಈ ಸಂಕಟವನ್ನು ಇನ್ನಷ್ಟು ಬಿಗಿಗೊಳಿಸಿದೆ.

ಆದರೆ ಈ ಪಟ್ಟಿ ಎಣಿಸುವುದು ವಿಶ್ವವಿದ್ಯಾನಿಲಯದ ಸ್ವಂತ ವಿಭಾಗಗಳನ್ನೇ ಹೊರತು ಅದರ ಸಂಯೋಜಿತ ಕಾಲೇಜುಗಳನ್ನಲ್ಲ. ನಂಜನಗೂಡಿನಲ್ಲೋ ನರಸೀಪುರದಲ್ಲೋ ಬಿ.ಎ., ಬಿ.ಕಾಂ. ಓದುವ ವಿದ್ಯಾರ್ಥಿನಿಯ ಪದವಿಪತ್ರದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆ ಇರುತ್ತದೆ, ಅದರ ಶ್ರೇಯಾಂಕದ ಲೆಕ್ಕದಲ್ಲಿ ಆಕೆ ಇರುವುದಿಲ್ಲ. ಒಳಗೊಳ್ಳುವಿಕೆಯ ಅಂಶದಲ್ಲಂತೂ ಹೊರ ರಾಜ್ಯ ಮತ್ತು ಹೊರ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ನೂರಕ್ಕೆ 30 ಅಂಕವಿದ್ದರೆ, ಆರ್ಥಿಕವಾಗಿ ಮತ್ತು ಸಾಮಾಜಿಕವಾಗಿ ಹಿಂದುಳಿದವರಿಗೆ 20 ಅಂಕ ಮೀಸಲಿತ್ತು. ಸುತ್ತಮುತ್ತಲ ಹಳ್ಳಿಗಳ ಮೊದಲ ತಲೆಮಾರಿನ ಓದುಗರಿಗಾಗಿ ಬೆಳೆದ ಸಾರ್ವಜನಿಕ ಸಂಸ್ಥೆಯೊಂದಕ್ಕೆ ಈ ಹಂಚಿಕೆ ನ್ಯಾಯ ಒದಗಿಸುತ್ತದೆಂದು ಒಪ್ಪುವುದು ಕಷ್ಟ.

ಸಂಶೋಧನೆಯ ಅಳತೆಯಲ್ಲಿ ಇದಕ್ಕಿಂತ ಆಳವಾದ ತೊಡಕಿದೆ. ಒಂದು ಪ್ರಬಂಧವನ್ನು ಬೇರೆ ಪ್ರಬಂಧಗಳು ಎಷ್ಟು ಸಲ ಆಧಾರವಾಗಿ ಹೆಸರಿಸಿವೆ ಎಂಬುದನ್ನು ಉಲ್ಲೇಖಸಂಖ್ಯೆ ಎನ್ನುತ್ತಾರೆ. ಎನ್‌ಐಆರ್‌ಎಫ್ ಅದನ್ನು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಅಂತರರಾಷ್ಟ್ರೀಯ ಸೂಚಿಗಳಿಂದ ಪಡೆಯುತ್ತದೆ. ಹೆಚ್ಚಾಗಿ ಇಂಗ್ಲಿಷ್ ನಿಯತಕಾಲಿಕಗಳನ್ನೇ ಆಧರಿಸಿದ ಈ ಸೂಚಿಗಳಲ್ಲಿ ಕನ್ನಡದ ವಿದ್ವತ್ತಿಗೆ ಜಾಗವಿಲ್ಲವೆಂದೇ ಹೇಳಬೇಕು. ಇದಕ್ಕೆ ಈ ಸೀಮೆಯ ಶಾಸನ ಸಂಪುಟಗಳೇ ಉದಾಹರಣೆ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳ ಶಾಸನಗಳು ಮೊದಲು ಒಟ್ಟಾಗಿ ಅಚ್ಚಾದವು. ಎಂಟು ದಶಕಗಳ ಬಳಿಕ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಅವನ್ನು ಪರಿಷ್ಕರಿಸಿ, ಹೊಸ ಶಾಸನಗಳನ್ನು ಸೇರಿಸಿ, ನಂಜನಗೂಡನ್ನು 1974ರ ಮೂರನೆಯ ಸಂಪುಟದಲ್ಲೂ ನರಸೀಪುರವನ್ನು 1976ರ ಐದನೆಯ ಸಂಪುಟದಲ್ಲೂ ಪ್ರಕಟಿಸಿತು. ಗಂಗರಿಂದ ಒಡೆಯರವರೆಗಿನ ಈ ಸೀಮೆಯ ಚರಿತ್ರೆಯನ್ನು ಬರೆಯುವ ಯಾರೂ ಆ ಸಂಪುಟಗಳನ್ನು ಬಿಟ್ಟು ಹೆಜ್ಜೆ ಇಡಲಾರರು. ನಂಜನಗೂಡಿನಲ್ಲಿ 1904ರಲ್ಲಿ ಹುಟ್ಟಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇತಿಹಾಸ ಬೋಧಿಸಿದ ಎಸ್. ಶ್ರೀಕಂಠಶಾಸ್ತ್ರಿಗಳ, ಕರ್ನಾಟಕ ಇತಿಹಾಸದ ಆಕರಗಳನ್ನು ಕುರಿತ ಗ್ರಂಥವನ್ನು 1940ರಲ್ಲಿ ಪ್ರಕಟಿಸಿದ್ದೂ ಇದೇ ವಿಶ್ವವಿದ್ಯಾನಿಲಯ. ನರಸೀಪುರದ ನದೀಸಂಗಮದ ಬಳಿ 1959ರಿಂದ ಉತ್ಖನನ ನಡೆಸಿ ನವಶಿಲಾಯುಗದ ಜನವಸತಿಯ ಕುರುಹುಗಳನ್ನು ಬೆಳಕಿಗೆ ತಂದ ಎಂ. ಶೇಷಾದ್ರಿ ಅವರೂ ಇಲ್ಲಿನ ಪ್ರಾಧ್ಯಾಪಕರೇ.

ಕೀರ್ತಿ ಯಾರ ಖಾತೆಗೆ ಸೇರಬೇಕೆಂಬ ಪ್ರಶ್ನೆಗೆ ನರಸೀಪುರ ತಾಲ್ಲೂಕಿನ ಬನ್ನೂರಿನ ಸಮೀಪದ ಕೊಡಗಹಳ್ಳಿ ಒಳ್ಳೆಯ ನಿದರ್ಶನ. ಮಹಾರಾಜ ಕಾಲೇಜಿನಲ್ಲಿ ಎ.ಆರ್. ವಾಡಿಯಾ ಅವರ ಶಿಷ್ಯರಾಗಿ ಸಾಮಾಜಿಕ ತತ್ತ್ವಶಾಸ್ತ್ರ ಓದಿದ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಈ ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ನಡೆಸಿ, ರಾಂಪುರ ಎಂಬ ಹೆಸರಿನಲ್ಲಿ ಅದನ್ನು ಸಮಾಜಶಾಸ್ತ್ರದ ಲೋಕಕ್ಕೆ ಪರಿಚಯಿಸಿದರು. ಸಂಖ್ಯೆ, ಭೂಮಿ ಮತ್ತು ಅಧಿಕಾರದ ಬಲದಿಂದ ಊರನ್ನು ಹಿಡಿತದಲ್ಲಿಟ್ಟುಕೊಂಡ ಜಾತಿಯನ್ನು ಪ್ರಬಲ ಜಾತಿ ಎಂದು ಕರೆದ ಅವರ ಪರಿಕಲ್ಪನೆ ಇಲ್ಲಿನ ಅನುಭವದಿಂದಲೇ ಗಟ್ಟಿಗೊಂಡಿತು. ಆಗ ಅವರು ಆಕ್ಸ್‌ಫರ್ಡ್‌ಗೆ ಸೇರಿದವರಾಗಿದ್ದರಿಂದ, ಇಂದಿನ ಲೆಕ್ಕದ ಕ್ರಮವನ್ನು ಅನ್ವಯಿಸಿದರೆ ಅಂಕಗಳೆಲ್ಲ ಅಲ್ಲಿಗೇ ಹೋಗುತ್ತವೆ. ಅವರನ್ನು ಸಮಾಜಶಾಸ್ತ್ರದತ್ತ ತಿರುಗಿಸಿದ ಮೈಸೂರಿನ ತರಗತಿಗೆ ಏನೂ ದಕ್ಕುವುದಿಲ್ಲ.

ಸಂಸ್ಥೆಯ ನಿಜವಾದ ಕೆಲಸಕ್ಕೂ ಪಟ್ಟಿಯ ಲೆಕ್ಕಕ್ಕೂ ನಡುವಿನ ಈ ಅಂತರ ಜಾಗತಿಕ ಪಟ್ಟಿಗಳಲ್ಲಿ ಮತ್ತಷ್ಟು ಹಿಗ್ಗುತ್ತದೆ. 2003ರಲ್ಲಿ ಆರಂಭವಾದ ಶಾಂಘೈ ಪಟ್ಟಿ ನೊಬೆಲ್ ಪುರಸ್ಕೃತರನ್ನು ಎಣಿಸುತ್ತದೆ. ಕ್ಯೂಎಸ್ ಪಟ್ಟಿಯು ವಿದ್ವಾಂಸರ ಅಭಿಪ್ರಾಯಕ್ಕೇ ನೂರಕ್ಕೆ 30 ಅಂಕ ಕೊಟ್ಟು, ವಿದೇಶಿ ಅಧ್ಯಾಪಕರನ್ನೂ ವಿದೇಶಿ ವಿದ್ಯಾರ್ಥಿಗಳನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುತ್ತದೆ. ಇಂಥ ಅಳತೆಗಳು ಯಾವ ಬಗೆಯ ಸಂಸ್ಥೆಗೆ ಒಗ್ಗುತ್ತವೆ ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮೀಜಿಯವರು 1954ರಲ್ಲಿ ಸ್ಥಾಪಿಸಿದ ಜೆಎಸ್‌ಎಸ್ ಮಹಾವಿದ್ಯಾಪೀಠದ ಉನ್ನತ ಶಿಕ್ಷಣ ಸಂಸ್ಥೆಯು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯವಾಗಿ, 2024ರ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕಿಂತ ಮೇಲಿನ ಸ್ಥಾನದಲ್ಲಿತ್ತು. ಆ ಸಾಧನೆ ಗೌರವಕ್ಕೆ ಅರ್ಹವಾದದ್ದು. ಆ ಸಂಸ್ಥೆ ಬೋಧಿಸುವ ವೈದ್ಯಕೀಯ ಮತ್ತು ಔಷಧ ವಿಜ್ಞಾನಗಳು ಹೆಚ್ಚು ಪ್ರಬಂಧಗಳನ್ನೂ ಹೆಚ್ಚು ಉಲ್ಲೇಖಗಳನ್ನೂ ತರುವ ಕ್ಷೇತ್ರಗಳು ಎಂಬುದನ್ನೂ, ಸಂಯೋಜಿತ ಕಾಲೇಜುಗಳ ಪರೀಕ್ಷೆ ನಡೆಸುವ, ಶಾಸನ ಮತ್ತು ಹಸ್ತಪ್ರತಿಗಳನ್ನು ಕಾಯುವ ಹೊಣೆ ಅದಕ್ಕಿಲ್ಲ ಎಂಬುದನ್ನೂ ಜೊತೆಗಿಟ್ಟು ನೋಡಬೇಕಷ್ಟೆ. ಎನ್‌ಐಆರ್‌ಎಫ್ ಕೂಡ 2024ರಿಂದ ರಾಜ್ಯ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಿಗೆ ಪ್ರತ್ಯೇಕ ವಿಭಾಗ ತೆರೆದು ಸಮಾನರನ್ನು ಸಮಾನರೊಡನೆ ಹೋಲಿಸಲು ತೊಡಗಿದೆ.

ಹಾಗೆಂದು ಖಾಲಿ ಹುದ್ದೆಗಳ ಪ್ರಶ್ನೆ ಈ ವಿಭಾಗದಲ್ಲೂ ಮರೆಯಾಗುವುದಿಲ್ಲ. ನಂಜನಗೂಡಿನಿಂದ ಮಾನಸಗಂಗೋತ್ರಿಗೆ ಬಸ್ಸಿನಲ್ಲಿ ಬಂದು ಎಂ.ಎಸ್ಸಿ. ಓದುವವರಿಗೆ ಬೇಕಾಗಿರುವುದೂ ಶ್ರೇಯಾಂಕಪಟ್ಟಿ ಕೇಳುವುದೂ ಈ ಒಂದು ವಿಷಯದಲ್ಲಿ ಬೇರೆಯಲ್ಲ: ಕಾಯಂ ಅಧ್ಯಾಪಕರು. ಅವರ ನೇಮಕಾತಿಗೆ ಅನುಮತಿ ನೀಡಿ, ವೇತನಕ್ಕೆ ಹಣ ಒದಗಿಸಬೇಕಾದದ್ದು ರಾಜ್ಯ ಸರ್ಕಾರ.