‘ಕಾಂಟ್ರಾ’ ದೊಡ್ಡದೋ, ‘ಸೂಪರ್ ಕಾಂಟ್ರಾ’ ದೊಡ್ಡದೋ? ಮೂರೂರಲ್ಲಿ ಮುಗಿಯದ ಪಂಚಾಯ್ತಿ

ಕಡೂರು: ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾದು ನಿಂತ, ನಲವತ್ತರ ಆಸುಪಾಸಿನ ಯಾರನ್ನಾದರೂ ಹಿಡಿದು ‘ಮೇಲೆ ಮೇಲೆ, ಕೆಳಗೆ ಕೆಳಗೆ’ ಅಂತ ಅಂದು ಸುಮ್ಮನಾಗಿ. ಆಸಾಮಿ ಟಿ.ವಿ. ಗೇಮ್ ಆಡಿ ಬೆಳೆದವನಾಗಿದ್ದರೆ ಉಳಿದದ್ದನ್ನು ಅವನೇ ಒಪ್ಪಿಸುತ್ತಾನೆ: ಎಡ ಬಲ, ಎಡ ಬಲ, ಬಿ, ಎ, ಸ್ಟಾರ್ಟು. ಹದಿನೇಳರ ಮಗ್ಗಿ ಮರೆತಿರಬಹುದು, ಇದು ಮರೆತಿರುವುದಿಲ್ಲ.

‘ಕಾಂಟ್ರಾ’ ಎಂಬ ಆಟದಲ್ಲಿ ಮೂರು ಲೈಫಿನ ಬದಲು ಮೂವತ್ತು ಲೈಫು ಕೊಡಿಸುತ್ತಿದ್ದ ಮಂತ್ರ ಅದು. ಮಂತ್ರದ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರಿರುವುದು ಆ ಆಟದ ಎರಡನೇ ಭಾಗ ‘ಸೂಪರ್ ಕಾಂಟ್ರಾ’ ಬಗ್ಗೆ. ಅದು ಮೊದಲನೆಯದನ್ನು ಮೀರಿಸಿತೋ, ಇಲ್ಲಾ ಅಪ್ಪನ ಹೆಸರು ಕೆಡಿಸಿತೋ? ಕಡೂರು, ತರೀಕೆರೆ, ಅಜ್ಜಂಪುರ, ಯಾವ ಊರಲ್ಲಿ ಈ ಮಾತು ತೆಗೆದರೂ ಕೂತವರು ಎರಡು ಪಕ್ಷವಾಗುತ್ತಾರೆ. ಮೂರನೇ ಪಕ್ಷವೂ ಒಂದಿದೆ. ಅವರು ಎರಡನೆಯದನ್ನು ಆಡಿಯೇ ಇಲ್ಲ, ಆದರೆ ಅಭಿಪ್ರಾಯ ಎಲ್ಲರಿಗಿಂತ ಜೋರು.

ಗೊತ್ತಿಲ್ಲದ ಅಂಗಡಿ ಯಜಮಾನರಿಗೆ ಸ್ವಲ್ಪ ವಿವರ ಬೇಕು. ಜಪಾನಿನ ಕೊನಾಮಿ ಎಂಬ ಕಂಪನಿ 1969ರಲ್ಲಿ ಒಸಾಕಾ ಊರಿನಲ್ಲಿ ಶುರುವಾಯ್ತು. ಆಗ ಅದರ ಕಸುಬು ವಿಡಿಯೋ ಗೇಮಲ್ಲ. ಕಾಸು ಹಾಕಿದರೆ ಹಾಡುವ ಜೂಕ್ ಬಾಕ್ಸ್‌ಗಳನ್ನು ಬಾಡಿಗೆಗೆ ಕೊಡೋದು, ಕೆಟ್ಟರೆ ರಿಪೇರಿ ಮಾಡೋದು. ಆಮೇಲೆ ಕಾಸು ಹಾಕಿದರೆ ಆಡಿಸುವ ಯಂತ್ರಕ್ಕೆ ಬಂದರು. 1987ರಲ್ಲಿ ಅಂಥ ಯಂತ್ರಕ್ಕೆಂದು ಮಾಡಿದ್ದು ‘ಕಾಂಟ್ರಾ’. ಮರುವರ್ಷ 1988ರಲ್ಲಿ ಅದೇ ಆಟ ಮನೆಯ ಟಿ.ವಿ.ಗೆ ಸಿಕ್ಕಿಸುವ ನಿಂಟೆಂಡೋ ಪೆಟ್ಟಿಗೆಗೆ ಬಂತು. ಬಿಲ್ ಮತ್ತು ಲ್ಯಾನ್ಸ್ ಎಂಬ ಇಬ್ಬರು ಬರಿಮೈ ಸಿಪಾಯಿಗಳು, ಕೈಯಲ್ಲಿ ಬಂದೂಕು, ಎಡದಿಂದ ಬಲಕ್ಕೆ ಓಟ. ಹಾರಬೇಕು, ಮಲಗಬೇಕು, ಸುಡಬೇಕು. ಮೈಗೆ ಒಂದು ಗುಂಡು ತಾಕಿದರೆ ಒಂದು ಲೈಫು ಢಮಾರ್. ಗಾಯವಾಯ್ತು, ಪಟ್ಟಿ ಕಟ್ಟೋಣ ಅನ್ನುವ ವ್ಯವಹಾರವೇ ಇಲ್ಲ.

ಎರಡನೇ ಭಾಗವೂ ಇದೇ ದಾರಿ ಹಿಡಿಯಿತು. 1988ರಲ್ಲಿ ಕಾಸಿನ ಯಂತ್ರಕ್ಕೆ, 1990ರಲ್ಲಿ ಮನೆಯ ಪೆಟ್ಟಿಗೆಗೆ. ಅಮೆರಿಕದಲ್ಲಿ ಮನೆ ಆಟದ ಹೆಸರನ್ನು ಕತ್ತರಿಸಿ ಬರೇ ‘ಸೂಪರ್ ಸಿ’ ಎಂದು ಮಾಡಿದರು. ಯುರೋಪಿನಲ್ಲಿ ಇನ್ನೂ ಮಜಾ. ಅಲ್ಲಿ ಮನುಷ್ಯರ ಬದಲು ರೋಬೋಗಳನ್ನು ಕೂರಿಸಿ, 1992ರಲ್ಲಿ ‘ಪ್ರೊಬೊಟೆಕ್ಟರ್ 2’ ಅಂತ ಬಿಟ್ಟರು. ಒಂದೇ ಆಟಕ್ಕೆ ಮೂರು ಹೆಸರು. ನಮ್ಮಲ್ಲಿ ಒಬ್ಬನೇ ಆಸಾಮಿಗೆ ರೇಷನ್ ಕಾರ್ಡಲ್ಲೊಂದು, ಪಹಣಿಯಲ್ಲೊಂದು, ಮನೆಯಲ್ಲಿ ಕರೆಯೋದೊಂದು ಹೆಸರಿರೋದಿಲ್ವೆ, ಹಾಗೆ.

ಕ್ಯಾಸೆಟ್ಟಿನ ಕಾಲ

ಇವೆಲ್ಲ ನಮ್ಮ ಕಡೆಗೆ ಬಂದದ್ದು ತೊಂಬತ್ತರ ದಶಕದಲ್ಲಿ, ಅಸಲಿ ನಿಂಟೆಂಡೋ ಮೂಲಕ ಅಲ್ಲ. ‘ಮೀಡಿಯಾ’, ‘ಲಿಟಲ್ ಮಾಸ್ಟರ್’ ಅಂತ ಹೆಸರು ಹೊತ್ತ ನಕಲು ಪೆಟ್ಟಿಗೆಗಳ ಮೂಲಕ. ಆಟ ತುಂಬಿದ ಹಳದಿ, ಕೆಂಪು ಪ್ಲಾಸ್ಟಿಕ್ ಡಬ್ಬಿಗೆ ಇಲ್ಲಿನ ಹೆಸರು ಕ್ಯಾಸೆಟ್ಟು. ಕೈಯಲ್ಲಿ ಹಿಡಿಯುವ ಗುಂಡಿಯ ಪಟ್ಟಿಗೆ ರಿಮೋಟು. ಆಡದಿದ್ದರೆ ಕ್ಯಾಸೆಟ್ಟು ಕಿತ್ತು, ಬುಡಕ್ಕೆ ‘ಉಫ್’ ಅಂತ ಊದಿ ಮತ್ತೆ ಸಿಕ್ಕಿಸೋದು. ಊದಿದ್ದರಿಂದ ಉಪಯೋಗವಿಲ್ಲ, ಎಂಜಲಿನ ತೇವಕ್ಕೆ ಒಳಗಿನ ತಾಮ್ರ ಕಿಲುಬು ಹಿಡಿಯುತ್ತೆ ಅಂತ ತಿಳಿದವರು ಹೇಳುತ್ತಾರೆ. ಯಾರು ಕೇಳಬೇಕು?

ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಅಂತ ಬರೆದಿರುತ್ತಿತ್ತು. ಒಳಗೆ ಹೊಕ್ಕರೆ ಬೆರಳೆಣಿಕೆಯ ಆಟಗಳು, ಅವೇ ತಿರುಗಾಮುರುಗಾ. ಒಂದನೇ ನಂಬರಿನಲ್ಲಿ ಆಟ ಮೊದಲಿಂದ ಶುರುವಾದರೆ, ಇನ್ನೊಂದು ನಂಬರಿನಲ್ಲಿ ಅದೇ ಆಟ ಮೂರನೇ ಹಂತದಿಂದ. ತಕ್ಕಡಿಯಲ್ಲಿ ಹೀಗೆ ಮಾಡಿದರೆ ತೂಕ-ಅಳತೆ ಇಲಾಖೆಯವರು ಬಿಡುತ್ತಿದ್ದರೇ? ಆದರೆ ಈ ಮೋಸಕ್ಕೆ ಬಯ್ಯುವವರು ಯಾರೂ ಕಾಣುವುದಿಲ್ಲ. ಆ ಗೋಜಲಿನೊಳಗಿಂದ ‘ಕಾಂಟ್ರಾ’ ಸಿಕ್ಕರೆ ದುಡ್ಡು ವಸೂಲು.

ಮನೆಯಲ್ಲಿ ಪೆಟ್ಟಿಗೆ ಇದ್ದವರ ಕಥೆ ಬೇರೆ. ಇಲ್ಲದವರು ಇದ್ದವರ ಮನೆಗೆ ಹೋಗಿ ಬಾಗಿಲ ಬಳಿ ಕೂರಬೇಕು. ಇಲ್ಲವೆ ಟಿ.ವಿ. ಇಟ್ಟು ಗಂಟೆಗಿಷ್ಟು ಅಂತ ಆಡಿಸುವ ಅಂಗಡಿಗೆ ಹೋಗಬೇಕು. ಇಬ್ಬರು ಸೇರಿ ಕಾಸು ಹಾಕಿದರೆ ಇಬ್ಬರಿಗೂ ಒಂದೊಂದು ರಿಮೋಟು. ನೀಲಿ ಪ್ಯಾಂಟಿನವನು ಒಬ್ಬ, ಕೆಂಪು ಪ್ಯಾಂಟಿನವನು ಒಬ್ಬ. ಕಪ್ಪು-ಬಿಳುಪು ಟಿ.ವಿ. ಆದರೆ ಸತ್ತವನು ನೀನೋ ನಾನೋ ಅನ್ನುವುದಕ್ಕೇ ಒಂದು ಜಗಳ!

ಈ ಗಂಟೆ ಲೆಕ್ಕವನ್ನು ಮರೆತರೆ ಎರಡು ಭಾಗಗಳ ತಂಟೆ ಅರ್ಥವಾಗುವುದಿಲ್ಲ. ಎಂಟು ಹಂತದ ‘ಕಾಂಟ್ರಾ’ ಪಳಗಿದ ಕೈಗೆ ಸುಮಾರು ಅರ್ಧ ಗಂಟೆಯ ಕೆಲಸ. ಮಧ್ಯೆ ನಿಲ್ಲಿಸಿ, ನಾಳೆ ಅಲ್ಲಿಂದ ಮುಂದುವರಿಸುತ್ತೇನೆ ಅನ್ನಲು ಬರುವುದಿಲ್ಲ. ಕರೆಂಟು ಹೋದರೆ ಏಳನೇ ಹಂತದಲ್ಲಿದ್ದವನೂ ಒಂದಕ್ಕೆ ಬಂದು ನಿಲ್ಲಬೇಕು. ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಅದೇನು ಅಪರೂಪವೇ? ಮೂರೇ ಲೈಫಿನಲ್ಲಿ ಆಡುವ ಹುಡುಗ ಎರಡನೇ ಹಂತದಲ್ಲೇ ಮಣ್ಣು ಮುಕ್ಕಿ ಮತ್ತೆ ಮತ್ತೆ ಅದೇ ಕಾಡು, ಅದೇ ಸೇತುವೆ ನೋಡುತ್ತಾ ಕಾಸು ಕಳೆಯುತ್ತಿದ್ದ. ಮೂವತ್ತು ಲೈಫು ಸಿಕ್ಕ ಹುಡುಗ ಅದೇ ಕಾಸಿನಲ್ಲಿ ಜಲಪಾತ ನೋಡಿದ, ಹಿಮ ನೋಡಿದ, ಕೊನೆಗೆ ಏಲಿಯನ್ನಿನ ಗುಂಡಿಗೆಯನ್ನೂ ನೋಡಿದ. (ಮೂರನೇ ಹಂತದ ಆ ಜಲಪಾತ ಕಂಡು ತರೀಕೆರೆಯವರಿಗೆ ಕಲ್ಹತ್ತಿಗಿರಿ ನೆನಪಾದರೆ ತಪ್ಪೇನಿಲ್ಲ. ಇಲ್ಲಿ ಜಾರಿದರೆ ಮಾತ್ರ ಮೂವತ್ತು ಲೈಫು ಇಲ್ಲ.)

ಈ ಮಂತ್ರ ಹುಟ್ಟಿದ್ದು ಮಕ್ಕಳ ಮೇಲಿನ ಕನಿಕರದಿಂದಲ್ಲ. ಕೊನಾಮಿಯ ಕಝುಹಿಸಾ ಹಾಶಿಮೋಟೋ ಎಂಬಾತ ‘ಗ್ರೇಡಿಯಸ್’ ಎಂಬ ಆಟವನ್ನು ಮನೆ ಪೆಟ್ಟಿಗೆಗೆ ತರುತ್ತಿದ್ದ. ಆ ಆಟ ಅವನಿಗೇ ಆಡಲಾಗದಷ್ಟು ಕಷ್ಟ. ಪರೀಕ್ಷೆ ಮಾಡಲಿಕ್ಕೆ ಅಂತ ತನಗಾಗಿ ಒಂದು ಕಳ್ಳದಾರಿ ಇಟ್ಟುಕೊಂಡ. 1986ರಲ್ಲಿ ಆಟ ಮಾರುಕಟ್ಟೆಗೆ ಬಂದಾಗ ಕಳ್ಳದಾರಿ ಹಾಗೇ ಒಳಗೆ ಉಳಿದಿತ್ತು. ಆಮೇಲೆ ಕಂಪನಿಯವರು ಬೇರೆ ಆಟಗಳಲ್ಲೂ ಅದನ್ನು ಬಳಸಿದರು. ಹಾಶಿಮೋಟೋ 2020ರ ಫೆಬ್ರುವರಿಯಲ್ಲಿ ತೀರಿಕೊಂಡ. ಆತನ ಹೆಸರು ಕೇಳದವರ ಬೆರಳಲ್ಲೂ ಆತನ ಮಂತ್ರ ಇವತ್ತಿಗೂ ಇದೆ.

ಎರಡನೆಯವನ ಮೇಲೆ ದೂರು

ಈಗ ‘ಸೂಪರ್ ಕಾಂಟ್ರಾ’ಗೆ ಬರೋಣ. ಮೊದಲ ಭಾಗದ ಪಕ್ಷದವರ ಮುಖ್ಯ ದೂರು ಒಂದೇ: ಮಂತ್ರ ಹಾಕಿದರೆ ಕೆಲಸ ಮಾಡಲ್ಲ. ಮೇಲೆ ಮೇಲೆ, ಕೆಳಗೆ ಕೆಳಗೆ ಎಲ್ಲ ಒತ್ತಿ ಸ್ಟಾರ್ಟು ಒತ್ತಿದರೆ ಮೂರೇ ಲೈಫು. ಹೆಲಿಕಾಪ್ಟರಿನಿಂದ ಇಳಿದು ಓಡಲು ಶುರು ಮಾಡಿ, ಮೊದಲ ಹಂತದ ಕೊನೆಯಲ್ಲಿ ಇನ್ನೊಂದು ಹೆಲಿಕಾಪ್ಟರಿನ ಕೈಲಿ ಸತ್ತು, ಎರಡನೇ ಹಂತದಲ್ಲಿ ಕಂಗಾಲಾಗಿ, ಕ್ಯಾಸೆಟ್ಟು ಕಿತ್ತು ಹಳೇದನ್ನೇ ಹಾಕು ಅನ್ನುವುದು. ಇದು ಒಬ್ಬಿಬ್ಬರ ಕಥೆಯಲ್ಲ.

ಎರಡನೇ ದೂರು ಆ ಎರಡನೇ ಹಂತದ ಮೇಲೇ. ಮೊದಲ ಭಾಗದಲ್ಲಿ ಕೋಟೆಯೊಳಗೆ ಹೋದಾಗ ಸಿಪಾಯಿಯ ಬೆನ್ನು ಕಾಣುತ್ತಿತ್ತು, ಎದುರಿಗೆ ಗೋಡೆ, ಗೋಡೆ ಒಡೆದು ಒಳಗೆ ನುಗ್ಗೋದು. ಎರಡನೇ ಭಾಗದಲ್ಲಿ ಅದನ್ನು ತೆಗೆದು, ತೆಂಗಿನ ಮರದ ಮೇಲೆ ಕೂತು ಕೆಳಗೆ ನೋಡಿದ ಹಾಗೆ ಮಾಡಿದರು. ಸಿಪಾಯಿಯ ನೆತ್ತಿ ಕಾಣುತ್ತೆ, ಸುತ್ತ ಎಂಟು ದಿಕ್ಕಿಗೂ ಸುಡಬೇಕು, ಟ್ಯಾಂಕುಗಳು ಬರುತ್ತವೆ. ಆರನೇ ಹಂತವೂ ಇದೇ ಥರ. ಇದು ಕಾಂಟ್ರಾನೇ ಅಲ್ಲ ಅನ್ನುವುದು ಒಂದು ಪಕ್ಷದ ಸಿಟ್ಟು. ಆ ಗೋಡೆ ಒಡೆಯುವ ಬೇಸರಕ್ಕಿಂತ ಇದು ನೂರು ಪಾಲು ಮೇಲು ಅನ್ನುವುದು ಇನ್ನೊಂದು ಪಕ್ಷದ ಉತ್ತರ. ಇಲ್ಲಿ ಎರಡನೇ ಪಕ್ಷದ ಮಾತಿನಲ್ಲೇ ತೂಕ ಹೆಚ್ಚು. ಗೋಡೆಯ ಹಂತಗಳನ್ನು ಪ್ರೀತಿಯಿಂದ ನೆನೆಯುವವರು ಮೊದಲ ಪಕ್ಷದಲ್ಲೂ ಕಡಿಮೆ.

ಎರಡನೇ ಭಾಗದ ಪರ ಹೇಳಬೇಕಾದ್ದು ಇನ್ನೂ ಇದೆ. ಮೊದಲನೆಯದರಲ್ಲಿ ನೆಲವೆಲ್ಲ ಮೆಟ್ಟಿಲು, ಹಲಗೆ. ಇದರಲ್ಲಿ ನೆಲ ಏರಿಳಿಯುತ್ತೆ, ಇಳಿಜಾರಿನಲ್ಲಿ ನಿಂತು ಸುಡಬಹುದು. ಮೊದಲನೆಯದರಲ್ಲಿ ‘ಎಫ್’ ಅಕ್ಷರದ ಬಂದೂಕು ಸಿಕ್ಕಿದರೆ ಹಣೆ ಚಚ್ಚಿಕೊಳ್ಳಬೇಕು. ಬೆಂಕಿ ಉಂಡೆ ಸುರುಳಿ ಸುತ್ತುತ್ತಾ ಸೋಮಾರಿ ಹಾಗೆ ಹೋಗೋದು. ಚೆನ್ನಾಗಿದ್ದ ‘ಎಸ್’ ಕಳಕೊಂಡು ಅದನ್ನು ಎತ್ತಿಕೊಂಡವನ ಗತಿ ಕೇಳಬೇಡಿ. ಎರಡನೇ ಭಾಗದಲ್ಲಿ ಅದೇ ‘ಎಫ್’ ಗೌರವ ಪಡೆಯಿತು. ಗುಂಡಿ ಒತ್ತಿ ಹಿಡಿದು ಬಿಟ್ಟರೆ ದೊಡ್ಡ ಉಂಡೆ ಹೋಗಿ ಬಡಿದು ಸಿಡಿಯುತ್ತದೆ. ಆದರೂ ಐದು ಗುಂಡು ಒಟ್ಟಿಗೆ ಬೀಸಣಿಗೆ ಹಾಗೆ ಹರಡುವ ‘ಎಸ್’ ಮುಂದೆ ಎರಡೂ ಭಾಗದಲ್ಲಿ ಬೇರೆ ದೇವರಿಲ್ಲ. ಈ ಒಂದು ವಿಷಯದಲ್ಲಿ ಎರಡೂ ಪಕ್ಷದವರು ಕೈ ಎತ್ತುತ್ತಾರೆ.

ಇನ್ನೊಂದು ವಿಚಾರ. ಕಾಸಿನ ಯಂತ್ರದ ‘ಸೂಪರ್ ಕಾಂಟ್ರಾ’ದಲ್ಲಿ ಇದ್ದದ್ದು ಐದೇ ಹಂತ. ಕಾಸು ಹಾಕಿದವನು ಬೇಗ ಸತ್ತರೆ ತಾನೆ ಯಂತ್ರದ ಯಜಮಾನನಿಗೆ ಮುಂದಿನ ಕಾಸು? ಮನೆಯ ಪೆಟ್ಟಿಗೆಗೆ ತರುವಾಗ ಅದನ್ನು ಎಂಟಕ್ಕೆ ಹಿಗ್ಗಿಸಿದರು. ಕೊಟ್ಟ ದುಡ್ಡಿಗೆ ಸರಕು ಜಾಸ್ತಿ. ಆದರೆ ಆ ಸರಕಿನ ಅರ್ಧಕ್ಕಿಂತ ಹೆಚ್ಚು ಭಾಗ ಇಲ್ಲಿನ ಹುಡುಗರ ಕಣ್ಣಿಗೆ ಬೀಳಲೇ ಇಲ್ಲ. ಎರಡನೇ ಭಾಗ ಚೆನ್ನಾಗಿಲ್ಲ ಅಂತ ತೀರ್ಪು ಕೊಡುವವರನ್ನು ಹಿಡಿದು, ಐದನೇ ಹಂತದಲ್ಲಿ ಏನಿದೆ ಅಂತ ಕೇಳಿ ನೋಡಿ. ತಡವರಿಸುತ್ತಾರೆ. ಅದು ಬಂಡೆ ಹತ್ತುವ ಹಂತ, ಮೇಲಕ್ಕೇ ಹೋಗಬೇಕು ಅಂತ ತಟ್ಟನೆ ಹೇಳುವವನು ಸಿಕ್ಕಿದರೆ ಅವನು ನೂರಕ್ಕೆ ನೂರು ಎರಡನೇ ಪಕ್ಷದವನು. ಇಂಟರ್‌ವಲ್ಲಿಗೆ ಮುಂಚೆ ಟಾಕೀಸಿನಿಂದ ಎದ್ದು ಬಂದವನು ಕ್ಲೈಮ್ಯಾಕ್ಸ್ ಸಪ್ಪೆ ಅಂದರೆ ಒಪ್ಪುವುದು ಹೇಗೆ ಸ್ವಾಮಿ?

ಹಾಗಂತ ಮೊದಲ ಪಕ್ಷದವರನ್ನು ತೀರಾ ಬಯ್ಯುವಂತೆಯೂ ಇಲ್ಲ. ಅವರು ಎದ್ದು ಬರಲಿಲ್ಲ, ಹೊರಗೆ ದಬ್ಬಿಸಿಕೊಂಡರು. ಕಾಸು ಮುಗಿದಿತ್ತು.

ಜೋಡಿಯಾಟದ ಜಗಳ

ಒಬ್ಬನೇ ಆಡುವವನಿಗೆ ಹೊಳೆಯದ ಸಂಗತಿ ಒಂದಿದೆ. ‘ಕಾಂಟ್ರಾ’ ಇಬ್ಬರ ಆಟ. ಜಲಪಾತ ಹತ್ತುವಾಗ ಒಬ್ಬ ಚುರುಕಾಗಿ ಮೇಲೆ ಹಾರಿದನೋ, ಪರದೆ ಮೇಲಕ್ಕೆ ಸರಿದು ಕೆಳಗಿದ್ದ ಇನ್ನೊಬ್ಬ ಸುಮ್ಮಸುಮ್ಮನೆ ಸಾಯುತ್ತಾನೆ. ಶತ್ರು ಮುಟ್ಟಿಲ್ಲ, ಗುಂಡು ತಾಕಿಲ್ಲ, ಗೆಳೆಯನ ಅವಸರಕ್ಕೆ ಪ್ರಾಣ ಹೋಯ್ತು. ತನ್ನ ಲೈಫೆಲ್ಲ ಮುಗಿಸಿಕೊಂಡವನು ಜೊತೆಯವನ ಲೈಫಿನಲ್ಲಿ ಪಾಲು ತೆಗೆದುಕೊಳ್ಳಲೂಬಹುದು. ಮೂವತ್ತು ಇದ್ದಾಗ ಒಂದೆರಡು ಹೋದರೆ ಹೋಗಲಿ ಅನ್ನುವ ಉದಾರತೆ ಇರುತ್ತೆ. ಮೂರರಲ್ಲಿ ಒಂದು ಹೋದರೆ? ಅಣ್ಣ ತಮ್ಮನ ನಡುವೆ ಎರಡು ದಿನ ಮಾತು ಬಂದ್.

ಎರಡನೇ ಭಾಗದ ಮೇಲೆ ಇಷ್ಟು ಕಹಿ ಉಳಿದದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಆಟ ಕೆಟ್ಟದ್ದಾಗಿರಲಿಲ್ಲ, ಆದರೆ ಜಿಪುಣನಾಗಿತ್ತು. ಕೈ ಬಿಗಿಯಾದ ಕಡೆ ಸ್ನೇಹ ಉಳಿಯೋದು ಕಷ್ಟ ಅಂತ ಪೇಟೆ ಬೀದಿಯಲ್ಲಿ ಪಾಲುದಾರಿಕೆ ಅಂಗಡಿ ಇಟ್ಟವರಿಗೆ ಬೇರೆ ಹೇಳಬೇಕಾಗಿಲ್ಲ.

ಈಗ ಆಡಿ ನೋಡುವವರಿಗೆ ದಾರಿ ಮುಚ್ಚಿಲ್ಲ. 2019ರಲ್ಲಿ ಕೊನಾಮಿಯೇ ಹಳೇ ಹತ್ತು ಆಟಗಳನ್ನು ಒಟ್ಟುಗೂಡಿಸಿ ‘ಕಾಂಟ್ರಾ ಆನಿವರ್ಸರಿ ಕಲೆಕ್ಷನ್’ ಅಂತ ಬಿಟ್ಟಿತು. ಅದರಲ್ಲಿ ಎರಡನೇ ಭಾಗದ ಕಾಸಿನ ಯಂತ್ರದ್ದೂ ಇದೆ, ಮನೆಯ ‘ಸೂಪರ್ ಸಿ’ಯೂ ಇದೆ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಆಮೇಲೆ ಮುಂದುವರಿಸಬಹುದು. ಕರೆಂಟಿನ ಭಯ ಇಲ್ಲ, ಗಂಟೆಯ ಲೆಕ್ಕ ಇಲ್ಲ. 2024ರಲ್ಲಿ ‘ಆಪರೇಷನ್ ಗಲೂಗಾ’ ಅಂತ ಹೊಸ ಬಣ್ಣ ಬಳಿದು ಇನ್ನೊಂದು ಬಂತು. ಅದರಲ್ಲಿ ಅವರು ಹೊಸದಾಗಿ ಹೇಳಿದ್ದು ಮೊದಲ ಭಾಗದ ಕಥೆಯನ್ನೇ. ಎರಡನೆಯವನಿಗೆ ಸ್ವಂತ ಕಂಪನಿಯಲ್ಲೂ ಎರಡನೇ ಪಂಕ್ತಿಯೇ.

ಅಂದಹಾಗೆ, ಎರಡನೇ ಭಾಗಕ್ಕೆ ಮಂತ್ರವೇ ಇರಲಿಲ್ಲ ಅನ್ನುವುದು ಸುಳ್ಳು. ಇತ್ತು. ಆದರೆ ಬೇರೆ. ‘ಸೂಪರ್ ಸಿ’ಯಲ್ಲಿ ಹೆಸರು ಬರುವ ಪರದೆಯ ಮೇಲೆ ಬಲ, ಎಡ, ಕೆಳಗೆ, ಮೇಲೆ, ಎ, ಬಿ, ಸ್ಟಾರ್ಟು. ಇಷ್ಟಕ್ಕೆ ಸಿಗುವುದು ಮೂವತ್ತಲ್ಲ, ಹತ್ತು. ಮೂವತ್ತು ವರ್ಷದಿಂದ ಹಳೇ ಬೀಗದ ಕೈಯನ್ನೇ ತಿರುಗಿಸುತ್ತಾ ಬಾಗಿಲಿಗೆ ಬಯ್ಯುತ್ತಿರುವವರು ಮುಂದಿನ ಪಂಚಾಯ್ತಿಗೆ ಕೂರುವ ಮುನ್ನ ಇದನ್ನೊಮ್ಮೆ ಒತ್ತಿ, ಐದನೇ ಹಂತದ ಬಂಡೆ ಹತ್ತಿ ಬರಬಹುದು. ಇಬ್ಬರು ಆಡುವುದಾದರೆ ಸ್ಟಾರ್ಟಿಗೆ ಮೊದಲು ಸೆಲೆಕ್ಟ್ ಒತ್ತುವುದನ್ನು ಮರೆಯಬೇಡಿ.